ತಂಗಿಯ ಪಾಸ್ತಾಕ್ಕೆ ನಾನು ಹಾಕಿದ ಖಾರ

ತಂಗಿಯ ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಗೊತ್ತಾದ ದಿನ ಹಾವೇರಿಯ ಡಾಕ್ಟರು ಔಷಧ ಬರೆಯುತ್ತಲೇ ಕೇಳಿದರು, "ತವರುಮನಿ ಯಾವೂರವ್ವಾ?"

"ಬ್ಯಾಡಗಿ ರೀ" ಎಂದಳು ತಂಗಿ.

ಡಾಕ್ಟರು ಪೆನ್ನು ಎತ್ತಿ ನಕ್ಕರು. "ಹಂಗಾರ ಇವತ್ತಿನಿಂದ ತವರಮನಿ ಮರತಬಿಡು. ಮೆಣಸಿನಕಾಯಿ ಅನ್ನೂದು ಅಡಗಿಮನ್ಯಾಗ ಇರಬಾರದು."

ನಾವೂ ನಕ್ಕೆವು. ಆದರೆ ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ನನಗೆ ಹತ್ತಿಕೊಂಡಿತು.

ನಮ್ಮ ಅಪ್ಪ ತೀರಿಕೊಂಡಾಗ ನಾನು ಏಳನೇ ತರಗತಿಯಲ್ಲಿದ್ದೆ, ತಂಗಿಗೆ ಐದು ವರ್ಷ. ಶಾಲೆ ಬಿಟ್ಟು ಬ್ಯಾಡಗಿಯ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಒಂದು ದಲಾಲಿ ಅಂಗಡಿಯನ್ನು ಸೇರಿದೆ. ಚೀಲ ಬಿಚ್ಚಿ ಮಾಲು ಹರವುವುದು, ಕಾಯಿ ಮುರಿದು ಬಣ್ಣ ತೋರಿಸುವುದು, ತೇವ ಎಷ್ಟಿದೆ ಎಂದು ಮುಟ್ಟಿ ಹೇಳುವುದು. ಇಂದಿಗೂ ಅದೇ ಕೆಲಸ. ತಂಗಿಯನ್ನು ರಾಣೆಬೆನ್ನೂರಿಗೆ ಕೊಟ್ಟ ವರ್ಷದಿಂದ ಪ್ರತಿ ಬೇಸಿಗೆಯಲ್ಲಿ ಒಳ್ಳೆಯ ಕಾಯಿ ಆರಿಸಿ, ಒಣಗಿಸಿ, ತೊಟ್ಟು ತೆಗೆದು, ಗಿರಣಿಯಲ್ಲಿ ಎದುರಿಗೆ ನಿಂತು ಪುಡಿ ಮಾಡಿಸಿ ಅವಳ ಮನೆಗೆ ಒಯ್ದು ಕೊಡುತ್ತಿದ್ದೆ. ಅವಳ ಗಂಡ ತೀರಿಕೊಂಡ ವರ್ಷವೂ ಬಿಡಲಿಲ್ಲ. ಸೀರೆ ಕೊಡಿಸುವ ಶಕ್ತಿ ನನಗೆ ಇರುತ್ತಿತ್ತೋ ಇಲ್ಲವೋ, ಆ ಪುಡಿಯಂತೂ ತಪ್ಪುತ್ತಿರಲಿಲ್ಲ. ನೆರೆಮನೆಯವರಿಗೆ ಒಂದೊಂದು ಬಟ್ಟಲು ಹಂಚಿ "ನಮ್ಮಣ್ಣ ತಂದಾನ" ಎಂದು ಅವಳು ಹೇಳುವುದನ್ನು ಕೇಳಿ ನಾನು ಬೀಗಿದ್ದೇನೆ. ಈಗ ಅದನ್ನು ಒಯ್ಯುವಂತಿರಲಿಲ್ಲ.

ತಂಗಿಗೆ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ. ತಂಗಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಮಗಳು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ತಾಯಿಯ ಪಥ್ಯದ ಅಡಿಗೆಯೆಲ್ಲ ಅವಳ ಪಾಲಿಗೆ ಬಂತು. ಬೇರೆ ಹುಡುಗಿಯಾಗಿದ್ದರೆ ಗಂಜಿ, ಮೊಸರನ್ನ ಮಾಡಿ ಕೈತೊಳೆದುಕೊಳ್ಳುತ್ತಿದ್ದಳು. ಇವಳು ಫೋನಿನಲ್ಲಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡು, ಖಾರವಿಲ್ಲದೆ ಏನೇನು ಮಾಡಬಹುದೋ ಎಲ್ಲ ಮಾಡತೊಡಗಿದಳು. ಮೂರು ತಿಂಗಳಿಗೆ ಅವಳಿಗೆ ಅದೇ ಹುಚ್ಚು ಹಿಡಿಯಿತು. ಹುಬ್ಬಳ್ಳಿಯಲ್ಲಿ ಅಡಿಗೆ ಕಲಿಸುವ ಒಂದು ಕೋರ್ಸಿದೆ, ಎರಡು ವರ್ಷದ್ದು, ಮುಗಿದರೆ ದೊಡ್ಡ ಆಸ್ಪತ್ರೆಗಳಲ್ಲಿ ರೋಗಿಗಳ ಅಡಿಗೆ ನೋಡಿಕೊಳ್ಳುವ ಕೆಲಸ ಸಿಗುತ್ತದೆ, ನಾನು ಹೋಗುತ್ತೇನೆ ಎಂದು ಹಟ ಹಿಡಿದಳು.

"ಅಡಗಿ ಮಾಡೂದು ಕಲಿಯಾಕ ಹುಬ್ಬಳ್ಳಿಗೆ ಹೋಗಬೇಕೇನ? ಮಂದಿ ನಗ್ತಾರ" ಎಂದಳು ತಂಗಿ.

"ನೀ ಹೊಲಿಗಿ ಕಲಿಯಾಕ ಹಾವೇರಿಗೆ ಹೋಗಿದ್ದಿಲ್ಲೇನವ್ವಾ? ಆಗ ಯಾರ್ ನಕ್ಕಿದ್ರು?"

ಕೊನೆಗೆ ತಂಗಿ ಒಂದು ಶರತ್ತು ಹಾಕಿದಳು. ಮಗಳು ತಾನೇ ಯೋಚಿಸಿ ಒಂದು ಹೊತ್ತಿನ ಊಟ ಮಾಡಬೇಕು, ಅದು ತಾಯಿಯ ಹೊಟ್ಟೆಗೆ ಒಗ್ಗಬೇಕು, ಬಾಯಿಗೂ ಹಿತವಾಗಬೇಕು. ಹಾಗಾದರೆ ಕಳಿಸುತ್ತೇನೆ ಎಂದಳು. "ನಮ್ಮಣ್ಣನೂ ಬರ್ಲಿ. ಆತ ಹೂಂ ಅಂದ್ರ ನಂದೂ ಹೂಂ." ಅರ್ಜಿ ಕೊಡಲು ಇನ್ನೂ ಹದಿನೆಂಟು ದಿನಗಳಿದ್ದವು.

ಹುಡುಗಿ ನನಗೆ ಫೋನು ಮಾಡಿದಳು. "ಮಾಮಾ, ಬರುವಾಗ ಮೀನು ತರ್ರಿ. ಐರಣಿ ಹೊಳಿ ಮೀನು ಸಿಕ್ರ ಚೊಲೊ. ಜಿಲೇಬಿ ಮೀನ ಬೇಕು, ಅದಕ್ಕ ಮುಳ್ಳು ಕಡಿಮಿ, ಹೊಟ್ಟಿಗೂ ಹಗೂರ. ಸಂಜಿಗೆ ಮೀನು, ಪಾಸ್ತಾ ಮಾಡಾಕಿ ಅದೀನಿ."

"ಪಾಸ್ತಾ ಅಂದ್ರ ಆ ಕೊಳವಿ ಕೊಳವಿ ಇರತೈತಲ್ಲ, ಅದಾ?"

"ಹೂಂರಿ ಮಾಮಾ. ನಿಮಗೂ ಸೇರತೈತಿ, ಬರ್ರಿ."

ಆ ದಿನ ಹೊರಡುವಾಗ ಮನೆಯಲ್ಲಿ ಹೊಸ ಪುಡಿಯ ಚೀಲ ಕಣ್ಣಿಗೆ ಬಿತ್ತು. ಒಂದು ಪೊಟ್ಟಣ ಕಟ್ಟಿಕೊಂಡೆ. ನನ್ನ ಹೆಂಡತಿ ನೋಡಿ, "ಆಕಿಗೆ ಖಾರ ನಡಿಯೂದಿಲ್ಲ, ಯಾಕ ಒಯ್ಯಾಕತ್ತೀರಿ?" ಎಂದಳು. "ಮನಿಗೆ ಬಂದವ್ರಿಗೆ ಇರ್ಲಿ" ಎಂದೆ. ಬೇಸಿಗೆಯಲ್ಲಿ ಆ ಪುಡಿಯಿಲ್ಲದೆ ತಂಗಿಯ ಹೊಸ್ತಿಲು ತುಳಿಯುವುದು ನನ್ನಿಂದ ಆಗುವಂತಿರಲಿಲ್ಲ. ಅಷ್ಟೇ ಕಾರಣ.

ರಾಣೆಬೆನ್ನೂರಿನಲ್ಲಿ ಇಳಿದು, ಐರಣಿಯಿಂದ ಬುಟ್ಟಿ ತರುವ ಹೆಂಗಸಿನ ಹತ್ತಿರ ಮೀನು ಕೊಂಡು, ನಾಲ್ಕು ಗಂಟೆಗೆ ತಂಗಿಯ ಮನೆ ತಲುಪಿದೆ. ತಂಗಿ ತೀರ ಸೊರಗಿದ್ದಳು. ಮುಂಚೆ ನನ್ನ ತಟ್ಟೆಯಿಂದ ಚಟ್ನಿ ಎಗರಿಸುತ್ತಿದ್ದವಳು ಈಗ ಊಟದ ಮಾತು ಬಂದರೆ ಮುಖ ತಿರುಗಿಸುತ್ತಿದ್ದಳು. "ಬಾಯಿ ಸತ್ತಹೋಗೇತಣ್ಣಾ. ಉಂಡ್ರೂ ಅಷ್ಟ, ಬಿಟ್ರೂ ಅಷ್ಟ" ಎಂದಳು.

ಹುಡುಗಿ ನನ್ನನ್ನು ಅಡಿಗೆಮನೆಯಲ್ಲಿ ಒಂದು ಮಣೆಯ ಮೇಲೆ ಕೂರಿಸಿ ಕೆಲಸಕ್ಕೆ ತೊಡಗಿದಳು. ಮೀನಿಗೆ ಉಪ್ಪು, ನಿಂಬೆಹುಳಿ ಸವರಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟಳು. ಇನ್ನೊಂದು ಒಲೆಯಲ್ಲಿ ಪಾಸ್ತಾ ಕುದಿಸಿ ಬಸಿದಳು. ಆಮೇಲೆ ಬೆಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ, ಚೂರು ಮೈದಾ ಹುರಿದು, ಹಾಲು ಹೊಯ್ದು ಕೈಯಾಡಿಸತೊಡಗಿದಳು. ಬೇಯಿಸಿದ ಗಜ್ಜರಿ ಚೂರು ಹಾಕಿದಳು. ತಂಗಿ ಹೊಲಿಗೆ ಯಂತ್ರದ ಮುಂದೆ ಕೂತಲ್ಲಿಂದಲೇ ಕೂಗಿದಳು, "ಏ, ಮೀನಿಗೆ ಹಾಲು ಹಾಕಾಕತ್ತೀಯೇನ? ಮೈಮ್ಯಾಲ ಬಿಳಿ ಮಚ್ಚಿ ಏಳತಾವ ಅಂತಿದ್ಲು ನಮ್ಮವ್ವ."

"ಏನೂ ಏಳೂದಿಲ್ಲವ್ವಾ. ಎಲ್ಲಾ ಕಡೆ ಹಿಂಗ ಮಾಡ್ತಾರ."

"ಎಲ್ಲಾ ಕಡೆ ಮಾಡ್ಲಿ. ಏನರ ಆತಂದ್ರ ನೋಡು ಮತ್ತ."

"ಆದ್ರ ನಾ ಹುಬ್ಬಳ್ಳಿ ಮಾತು ಎತ್ತೂದಿಲ್ಲ, ಆತಿಲ್ಲೊ?" ಹುಡುಗಿ ನಗುತ್ತಲೇ ಹೇಳಿದಳು.

ಕೊತ್ತಂಬರಿ ಮರೆತಿದ್ದಳು. "ಮಾಮಾ, ಕೈಯಾಡಿಸ್ಕೋಂತ ಇರ್ರಿ, ಲಗೂ ತಗೊಂಡ ಬರ್ತೀನಿ" ಎಂದು ಚಮಚ ನನ್ನ ಕೈಗೆ ಕೊಟ್ಟು ಓಡಿದಳು. ನಾನು ಎದ್ದು ಒಲೆಯ ಮುಂದೆ ನಿಂತೆ. ಪಾತ್ರೆಯಲ್ಲಿ ಬೆಳ್ಳಗಿನ ಹಾಲಿನ ಗೊಜ್ಜು, ಪಕ್ಕದಲ್ಲಿ ಬೆಳ್ಳಗಿನ ಪಾಸ್ತಾ, ಹಬೆಯಲ್ಲಿ ಬೆಳ್ಳಗಿನ ಮೀನು. ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡೆ. ಏನೂ ಇಲ್ಲ. ಉಪ್ಪು ಕೂಡ ಇದ್ದಂತೆ ಅನಿಸಲಿಲ್ಲ. ಇದನ್ನು ತಂಗಿ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾಳೆ, ಹುಡುಗಿಯ ಹುಬ್ಬಳ್ಳಿ ಇಲ್ಲಿಗೇ ಮುಗಿಯಿತು ಎಂದು ನನಗೆ ಖಾತ್ರಿಯಾಯಿತು.

ನನ್ನ ಚೀಲ ಅಲ್ಲೇ ಗೂಟಕ್ಕಿತ್ತು. ಪೊಟ್ಟಣ ಬಿಚ್ಚಿ ಚಿಟಿಕೆ ಪುಡಿಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ನೋಡಿದೆ. ಉರಿಯಲಿಲ್ಲ. ಮಾರ್ಕೆಟ್ಟಿನಲ್ಲಿ ಹೊರಗಿನ ಖರೀದಿದಾರರಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು ನನ್ನದು: ನಮ್ಮ ಬ್ಯಾಡಗಿ ಕಾಯಿಗೆ ಖಾರ ಇಲ್ಲ, ಬರೀ ಬಣ್ಣ. ಹೇಳಿ ಹೇಳಿ ನಾನೇ ಅದನ್ನು ಪೂರ್ತಿ ನಂಬಿದ್ದೆ. ನಲವತ್ತು ವರ್ಷ ಆ ಧೂಳಿನಲ್ಲಿ ನಿಂತ ನನ್ನ ನಾಲಿಗೆಗೆ ಯಾವ ಖಾರ ತಾನೇ ತಾಗೀತು ಎಂದು ಆಗ ಹೊಳೆಯಲಿಲ್ಲ. ಒಂದು ಚಮಚ ಹಾಕಿದೆ. ಬಣ್ಣ ಎಳೆಯದಾಗಿ ಬಂತು. ಇನ್ನರ್ಧ ಹಾಕಿದೆ. ಈಗ ಅದು ಊಟದ ಹಾಗೆ ಕಂಡಿತು. ಪೊಟ್ಟಣವನ್ನು ಮತ್ತೆ ಚೀಲಕ್ಕೆ ತುರುಕಿದೆ.

ತುರುಕಿದೆ ಎಂದು ಬರೆಯುವಾಗಲೇ ನನಗೆ ಗೊತ್ತಾಗುತ್ತಿದೆ. ಅದರಲ್ಲಿ ತಪ್ಪಿಲ್ಲ ಎಂದು ನಾನು ನಿಜವಾಗಿ ನಂಬಿದ್ದರೆ ಪೊಟ್ಟಣವನ್ನು ಕಟ್ಟೆಯ ಮೇಲೆಯೇ ಬಿಡುತ್ತಿದ್ದೆ.

ಹುಡುಗಿ ಬಂದು ಪಾತ್ರೆ ನೋಡಿ ನಿಂತಳು. "ಮಾಮಾ, ಇದ್ಯಾಕ ಕೆಂಪಗಾತು?"

"ಗಜ್ಜರಿ ಕುದ್ದು ಬಣ್ಣ ಬಿಟ್ಟೈತಿ" ಎಂದೆ.

ಅವಳು ಏನೋ ಹೇಳುವಷ್ಟರಲ್ಲಿ ತಂಗಿ ಒಳಗೆ ಬಂದಳು. ಬಣ್ಣ ನೋಡಿ ಅವಳ ಮುಖ ಅರಳಿತು, ಆಮೇಲೆ ಹೆದರಿಕೆ ಮೂಡಿತು. "ಖಾರ ಹಾಕೀದಿಯೇನ?" ಎಂದು ಮಗಳನ್ನು ಕೇಳಿದಳು. ಮಗಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಇಲ್ಲ. ನಾ ರುಚಿ ನೋಡೀನಿ."

ಅಣ್ಣ ಹೇಳಿದ ಮೇಲೆ ಮುಗಿಯಿತು. ಏಳಕ್ಕೇ ಊಟಕ್ಕೆ ಕೂತೆವು. ಹುಡುಗಿ ಗೊಜ್ಜು ಬೆರೆಸಿದ ಪಾಸ್ತಾದ ಮೇಲೆ ಮೀನಿನ ತುಂಡು ಬಿಡಿಸಿಟ್ಟು, ಕೊತ್ತಂಬರಿ ಉದುರಿಸಿ ಕೊಟ್ಟಳು. ತಂಗಿ ಮೊದಲ ತುತ್ತು ನುಂಗಿ, "ಏನೋ ಒಂದೀಟು ಚುರುಕ್ ಅಂತೈತಿ" ಎಂದಳು.

"ಬೆಳ್ಳುಳ್ಳಿ" ಎಂದೆ.

ಅದೇ ಹೊತ್ತಿಗೆ ಹುಡುಗಿಯೂ ಒಂದು ತುತ್ತು ಬಾಯಿಗಿಟ್ಟಿದ್ದಳು. ಜಗಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಮೀನಿನ ಮುಳ್ಳು ಹುಡುಕತೊಡಗಿದೆ. "ಅವ್ವಾ, ಸಾಕು ಬಿಡು, ಒಮ್ಮೆಲೆ ಭಾಳ ತಿನಬ್ಯಾಡ" ಎಂದಳು ಹುಡುಗಿ. ತಂಗಿ ನಕ್ಕು ತಟ್ಟೆ ಮುಂದೆ ಚಾಚಿದಳು. "ನಾಕ ತಿಂಗಳ ಮ್ಯಾಲೆ ಊಟ ಮಾಡಾಕತ್ತೇನಿ, ಬ್ಯಾಡ ಅಂತೀಯಲ್ಲ! ಹಾಕು. ಅಣ್ಣಾ, ಈಕಿನ್ನ ಕಳಸೂದ ಖರೇ." ನಾನು "ಹೂಂ" ಎಂದೆ. ಹುಡುಗಿ ಬಡಿಸಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ. ನಾನು ಕೊನೆಯ ಬಸ್ಸು ಹಿಡಿದು ಊರಿಗೆ ಬಂದೆ. ದಾರಿಯುದ್ದಕ್ಕೂ, ಹುಡುಗಿಗೆ ಒಳ್ಳೆಯದನ್ನೇ ಮಾಡಿದೆ ಎಂದು ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಚೀಲ ಬಿಚ್ಚುತ್ತಿದ್ದಾಗ ಹುಡುಗಿಯ ಫೋನು ಬಂತು. ತಂಗಿಗೆ ಹೊಟ್ಟೆ ಉರಿ ತಡೆಯಲಾಗದೆ ವಾಂತಿಯಾಗಿದೆ, ವಾಂತಿಯಲ್ಲಿ ರಕ್ತ ಇತ್ತು, ಹಾವೇರಿಗೆ ಕರೆದುಕೊಂಡು ಹೊರಟಿದ್ದೇವೆ ಎಂದಳು. ನಾನು ಹೋಗುವ ಹೊತ್ತಿಗೆ ತಂಗಿಗೆ ಸಲೈನ್ ಹಚ್ಚಿದ್ದರು. ಡಾಕ್ಟರು ನಿನ್ನೆ ಏನು ತಿಂದಿದ್ದಿರಿ ಎಂದು ಹುಡುಗಿಯನ್ನು ಕೇಳುತ್ತಿದ್ದರು. ಅವಳು ಒಂದೊಂದೇ ಹೇಳಿದಳು. ಮೀನು, ಪಾಸ್ತಾ, ಹಾಲು, ಬೆಣ್ಣೆ, ಗಜ್ಜರಿ.

"ಖಾರ?"

ಹುಡುಗಿ ನನ್ನ ಕಡೆ ತಿರುಗಿದಳು. ನನಗೆ ಹೇಳಲು ಜಾಗ ಬಿಟ್ಟುಕೊಟ್ಟಳು.

"ಇಲ್ರಿ" ಎಂದೆ ನಾನು.

ಡಾಕ್ಟರು ತಲೆಯಾಡಿಸಿ ಹೋದರು. ನನ್ನ ಸುಳ್ಳಿನಿಂದ ಔಷಧದಲ್ಲಿ ವ್ಯತ್ಯಾಸವಾಯಿತೋ ಇಲ್ಲವೋ ನನಗೆ ತಿಳಿಯದು. ತಂಗಿ ನಾಲ್ಕನೇ ದಿನ ಮನೆಗೆ ಬಂದಳು. ಆದರೆ ಡಾಕ್ಟರ ಮುಂದೆಯೂ ಸುಳ್ಳು ಹೇಳಿದೆನಲ್ಲ, ತಂಗಿಯ ಜೀವದ ಮಾತಿದ್ದಾಗಲೂ ನನ್ನ ಮರ್ಯಾದೆಯನ್ನೇ ನೋಡಿಕೊಂಡೆನಲ್ಲ, ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ತಪ್ಪಿನ ಹೊರೆ ಹೊರಲು ಹಾಲು ಸಿದ್ಧವಾಗಿಯೇ ಇತ್ತು. ನೋಡಲು ಬಂದ ನೆರೆಮನೆಯ ಹೆಂಗಸು ಬಾಗಿಲಲ್ಲೇ ಶುರು ಮಾಡಿದಳು. "ಮೀನಿಗೆ ಹಾಲು! ಕೇಳಿದ್ರ ಮೈ ಜುಮ್ ಅಂತೈತಿ. ವಿಷ ಹಾಕಿದಂಗ ಅಲ್ಲೇನ್ರಿ?" ತಂಗಿ ಗೋಡೆಗೆ ಒರಗಿ ಮಗಳನ್ನೇ ನೋಡುತ್ತಿದ್ದಳು. "ನಾ ಬ್ಯಾಡ ಅಂದಿದ್ದೆ. ತಾಯಿ ಹೊಟ್ಟಿ ತಿಳೀದಾಕಿ ರೋಗಿಗಳ ಹೊಟ್ಟಿ ನೋಡ್ತಾಳಂತ. ಹುಬ್ಬಳ್ಳಿ ಮಾತು ಎತ್ತಬ್ಯಾಡ ಇನ್ನ." ಹುಡುಗಿ ನೀರಿನ ಲೋಟ ತಾಯಿಯ ಪಕ್ಕ ಇಟ್ಟು ಒಳಗೆ ಹೋದಳು. ನಾನು ಅಲ್ಲೇ ಕುರ್ಚಿಯ ಮೇಲೆ ಎಳನೀರಿನ ಚೀಲ ಹಿಡಿದು ಕೂತಿದ್ದೆ. ಒಂದು ಮಾತು ಸಾಕಿತ್ತು.

ಆ ಮಾತು ಯಾಕೆ ಬರಲಿಲ್ಲ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ತಂಗಿ ಈ ಲೋಕದಲ್ಲಿ ಎದುರು ಪ್ರಶ್ನೆ ಹಾಕದೆ ನಂಬುವುದು ನನ್ನೊಬ್ಬನನ್ನು. ಅವಳಿಗೆ ಅಪ್ಪನ ಮುಖ ನೆನಪಿಲ್ಲ, ನನ್ನದೇ ನೆನಪು. ಓದು ಕಲಿಯದ, ದುಡ್ಡು ಕೂಡಿಡದ ನನಗೆ ಇದ್ದದ್ದು ಆ ನಂಬಿಕೆಯೊಂದೇ. ಅದನ್ನು ಉಳಿಸಿಕೊಳ್ಳಲು ಹುಡುಗಿಯನ್ನು ಬಲಿಕೊಟ್ಟುಬಿಟ್ಟೆ.

ಇನ್ನೊಂದು ಸಲ ಹೋದಾಗ ಹುಡುಗಿ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದಳು. ಹಲಗೇರಿಯ ಬಸ್ಸು ಹೊರಡುತ್ತಿತ್ತು, ಗದ್ದಲವಿತ್ತು. "ಮಾಮಾ, ನೀವು ಒಂದ್ ಮಾತು ಹೇಳಿದ್ರ ಅವ್ವ ಕೇಳ್ತಾಳ್ರಿ" ಎಂದಳು. "ನಾ ಏನ್ ಹೇಳಿದ್ರೂ ತಪ್ಪಿಸ್ಕೊಳ್ಳಾಕ ಹೇಳಾಕತ್ತಾಳ ಅಂತಾಳ."

"ಹೇಳ್ತೀನವ್ವಾ."

"ಅರ್ಜಿಗೆ ಇನ್ನ ಆರು ದಿನ ಐತ್ರಿ."

"ಹೇಳ್ತೀನಂದ್ನಲ್ಲ."

ಏನು ಹೇಳಬೇಕು ಎಂದು ನಾನೂ ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಸೋದರಮಾವನಿಗೆ 'ನೀವು ಸುಳ್ಳು ಹೇಳಿದಿರಿ' ಎನ್ನುವ ಹುಡುಗಿಯಲ್ಲ ಅವಳು. ಆ ಸಲಿಗೆಯೂ ಇಲ್ಲ, ಆ ಸಿಟ್ಟನ್ನೂ ತೋರಿಸಲಿಲ್ಲ. ಆರು ದಿನಗಳಲ್ಲಿ ನಾನು ಎರಡು ಸಲ ಫೋನು ಮಾಡಿದೆ. ತಂಗಿಯ ಔಷಧ ಕೇಳಿದೆ, ನಿದ್ದೆ ಕೇಳಿದೆ, ಬಿಸಿಲಿನ ಮಾತಾಡಿದೆ. ಏಳನೆಯ ದಿನ ಬೆಳಿಗ್ಗೆ ಎದ್ದಾಗ, ನಾಚಿಕೆಯಾದರೂ ಹೇಳುತ್ತೇನೆ, ಮನಸ್ಸು ಸ್ವಲ್ಪ ಹಗುರವಾಗಿತ್ತು. ಇನ್ನು ಹೇಳಿದರೂ ಪ್ರಯೋಜನವಿಲ್ಲ, ಆದ್ದರಿಂದ ಹೇಳಬೇಕಾಗಿಲ್ಲ ಎನಿಸಿತ್ತು.

ಹಾಗೆ ತಿಂಗಳು ಕಳೆಯಿತು. ಒಂದು ದಿನ ತಂಗಿಯೇ ಫೋನು ಮಾಡಿದಳು. "ಅಣ್ಣಾ, ಹುಡುಗಿ ಮನ್ಯಾಗ ಸುಮ್ನ ಕುಂದ್ರತಾಳ. ಅಡಗಿಗೂ ಕೈ ಹಚ್ಚವಲ್ಲಳು. ಎಲ್ಲ್ಯಾರ ಒಂದು ಗಂಡು ನೋಡು. ಕಾಗಿನೆಲಿ ಕಡೆ ನಿನಗ ಗುರ್ತಿನ ಮಂದಿ ಅದಾರಲ್ಲ? ಲಗೂ ಮಾಡಿಬಿಡೂಣು."

ಒಂದು ವರ್ಷ ಹಾಳಾಯಿತು ಎಂದಷ್ಟೇ ನಾನು ಲೆಕ್ಕ ಹಿಡಿದಿದ್ದೆ. ಅವಳ ಇಡೀ ಬದುಕು ಬೇರೆ ದಿಕ್ಕಿಗೆ ತಿರುಗುತ್ತಿದೆ, ತಿರುಗಿಸಲು ನನ್ನನ್ನೇ ಕರೆಯುತ್ತಿದ್ದಾರೆ. ಅಂದು ಅಂಗಡಿಗೆ ಹೋಗದೆ ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ತಂಗಿ ಹೊಲಿಯುತ್ತಿದ್ದಳು. ಹುಡುಗಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೂರು ಎಂದರೂ ಕೂರದೆ ನಿಂತೇ ಹೇಳಿದೆ. "ತಂಗೀ, ಆವತ್ತು ಪಾಸ್ತಾಕ್ಕ ಖಾರಪುಡಿ ಹಾಕಿದಾಂವ ನಾ. ಆಕಿ ಕೊತ್ತಂಬರಿಗೆ ಹೋದಾಗ ಹಾಕಿದೆ. ಹಾಲಿಂದಲ್ಲ ನಿನಗ ತ್ರಾಸ ಆಗಿದ್ದು. ಡಾಕ್ಟರ ಮುಂದೂ ಸುಳ್ಳ ಹೇಳಿದೆ."

ಯಂತ್ರ ನಿಂತಿತು. ಅವಳು ಬಟ್ಟೆಯಿಂದ ಕೈ ತೆಗೆಯಲಿಲ್ಲ.

"ಯಾಕ ಹಾಕಿದಿ?"

"ನಿನ್ನ ಬಾಯಿಗೆ ರುಚಿ ಹತ್ಲಿ ಅಂತ. ಖಾರ ಇಲ್ಲ ಅಂತ ತಿಳಕೊಂಡೆ. ನನ್ನ ನಾಲಿಗಿಗೆ ಗೊತ್ತಾಗಲಿಲ್ಲ."

"ಹಾಕಿದ್ದಕ್ಕ ನನಗೇನ ಸಿಟ್ಟಿಲ್ಲ. ನೀ ಆ ಕುರ್ಚಿ ಮ್ಯಾಲ ಕುಂತಿದ್ದಿ. ನಾ ಈ ಹುಡುಗಿನ್ನ ನಾಯಿ ಬೈದಂಗ ಬೈದೆ. ನೀ ಕುಂತು ಕೇಳಿದಿ." ಅವಳ ದನಿ ಏರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. "ನಾನೂ ಎಂಥಾಕಿ! ನೀ ಇಲ್ಲ ಅಂದಿ, ನಾ ನಂಬಿದೆ. ಮಗಳನ್ನ ಒಂದ್ಸಲನೂ ಕೇಳ್ಲಿಲ್ಲ."

ಅವಳು ಮಗಳನ್ನು ಕೂಗಿದಳು. ಹುಡುಗಿ ಒದ್ದೆ ಕೈ ಲಂಗಕ್ಕೆ ಒರೆಸಿಕೊಳ್ಳುತ್ತ ಬಂದು ನಮ್ಮಿಬ್ಬರ ಮುಖ ನೋಡಿದಳು, ತಿಳಿದುಕೊಂಡಳು.

"ನಿನಗ ಗೊತ್ತಿತ್ತೇನ?" ತಂಗಿ ಕೇಳಿದಳು.

"ಉಣ್ಣುವಾಗ ಗೊತ್ತಾತು."

"ಆಗ್ಲೇ ಯಾಕ ಹೇಳ್ಲಿಲ್ಲ?"

"ನೀ ಅಷ್ಟು ಖುಷಿಯಿಂದ ಉಣ್ಣಾಕತ್ತಿದ್ದಿಯಲ್ಲ ಅವ್ವಾ. ನಾನೂ ಆಸೆಬಿದ್ದೆ. ಹೂಂ ಅಂದಿಯಲ್ಲ ಅಂತ." ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, "ಮಾಮಾನ ಹೇಳ್ತಾರ ಅಂತ ಕಾದೆ."

ತಂಗಿ ಅವಳ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು. ಫೋನು ತೆಗೆದು ಹುಬ್ಬಳ್ಳಿಗೆ ಹಚ್ಚು ಎಂದಳು. ಹುಡುಗಿ ಹಚ್ಚಿದಳು, ತಂಗಿಯೇ ಮಾತಾಡಿದಳು. ಈ ವರ್ಷದ್ದು ಮುಗಿದಿದೆ, ಸೀಟು ತುಂಬಿವೆ, ಮುಂದಿನ ವರ್ಷ ಬನ್ನಿ ಎಂದರು. ಬೇಡಿಕೊಂಡಳು. ಆಗುವುದಿಲ್ಲ ಎಂದರು. ಆ ಮಾತು ಮುಗಿಯುವವರೆಗೆ ನಾನು ನಿಂತೇ ಇದ್ದೆ.

"ಗಂಡು ನೋಡೂದು ಬ್ಯಾಡ" ಎಂದಳು ತಂಗಿ ನನಗೆ. "ಮುಂದಿನ ವರ್ಷ ಆಕಿ ಹೋಗ್ತಾಳ. ಅಲ್ಲೀತನ ಯಾರೂ ಆಕಿ ಬಗ್ಗೆ ಮಾತಾಡಬಾರದು. ನೀನೂ." ಮೊದಲ ಸಲ ಅವಳು ನನಗೆ ಇದನ್ನು ಮಾಡಬೇಡ ಎಂದಳು. ಊಟಕ್ಕೆ ಇರು ಎನ್ನಲಿಲ್ಲ.

ಹೊರಡುವಾಗ ಹುಡುಗಿ ಬಾಗಿಲಿಗೆ ಬಂದಳು. ಮುಂದಿನ ವರ್ಷ ಅರ್ಜಿ ಕೊಡುವಾಗ ನಾನೇ ಹುಬ್ಬಳ್ಳಿಗೆ ಕರೆದುಕೊಂಡು ಹೋಗುತ್ತೇನೆ, ರಜೆ ಹಾಕುತ್ತೇನೆ ಎಂದೆ. ಅಷ್ಟು ಅವಕಾಶವನ್ನಾದರೂ ಕೊಡುತ್ತಾಳೆ ಅಂದುಕೊಂಡಿದ್ದೆ.

ಅವಳು ಯಾವಾಗಿನ ಹಾಗೇ ಮೆತ್ತಗೆ, ರೀ ಹಚ್ಚಿಯೇ ಹೇಳಿದಳು. "ಬ್ಯಾಡ್ರಿ ಮಾಮಾ. ನಾ ಅವ್ವನ ಕರಕೊಂಡ ಹೋಗ್ತೀನಿ. ನೀವು ಬರಬ್ಯಾಡ್ರಿ."

ಹೂಂ ಎಂದೆ. ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಆ ಸಲ ನನ್ನನ್ನು ಕಳಿಸಲು ಯಾರೂ ಬರಲಿಲ್ಲ.